ಚಿತ್ರಕ್ಕೆ ಕಾಣದ ರಾಣಿ

ಜೋಸೆಫ್ ಫಾನ್ ಸ್ಟರ್ನ್‌ಬರ್ಗ್ 1934ರಲ್ಲಿ ನಿರ್ದೇಶಿಸಿದ ‘ದಿ ಸ್ಕಾರ್ಲೆಟ್ ಎಂಪ್ರೆಸ್’ ಚಿತ್ರದಲ್ಲಿ ರಷ್ಯದ ಅರಮನೆಯು ವಿಕಾರ ಪ್ರತಿಮೆಗಳಿಂದ ತುಂಬಿದ ಕತ್ತಲ ಗುಹೆ. ಎಲಿಜಬೆತ್ ಸಾಮ್ರಾಜ್ಞಿಗಾಗಿ ರಾಸ್ಟ್ರೆಲ್ಲಿ ಕಟ್ಟಿದ ಅರಮನೆಗಳಾದರೋ ಬೆಳಕಿನಲ್ಲಿ ಮಿಂದವು. ಈ ಸುಳ್ಳನ್ನು ನಾನು ಮನ್ನಿಸಬಲ್ಲೆ. ಭಯಕ್ಕೆ ರೂಪ ಕೊಡುವುದು ಕಲೆಯ ಹಕ್ಕು. 1744ರಲ್ಲಿ ಜರ್ಮನ್ ನಾಡಿನಿಂದ ಬಂದ ಹದಿನಾಲ್ಕರ ಹುಡುಗಿಗೆ ಆ ಆಸ್ಥಾನ ಹಾಗೆಯೇ ಕಂಡಿದ್ದೀತು.

ಮನ್ನಿಸಲಾಗದ ಲೋಪ ಬೇರೊಂದಿದೆ. ಮಾರ್ಲೀನ್ ಡೀಟ್ರಿಕ್ ಅಭಿನಯಿಸಿದ ಕ್ಯಾಥರೀನಳು ಸೌಂದರ್ಯವನ್ನೇ ಆಯುಧ ಮಾಡಿಕೊಂಡು ಸಿಂಹಾಸನವೇರುತ್ತಾಳೆ. ಇತಿಹಾಸದ ಕ್ಯಾಥರೀನಳು ಒಂಟಿತನದ ಆ ವರ್ಷಗಳಲ್ಲಿ ಟ್ಯಾಸಿಟಸ್, ಮಾಂಟೆಸ್ಕ್ಯೂ ಮೊದಲಾದವರನ್ನು ಓದಿದುದನ್ನು ತನ್ನ ಆತ್ಮವೃತ್ತಾಂತದಲ್ಲಿ ಬರೆದಿದ್ದಾಳೆ. ಓದಿನಲ್ಲಿ ಬೆಳೆದ ಈ ಮನಸ್ಸು ಚಿತ್ರದಲ್ಲಿಲ್ಲ.

1762ರ ಅರಮನೆಯ ಕ್ರಾಂತಿಯೊಂದಿಗೆ ಚಿತ್ರ ಮುಗಿಯುತ್ತದೆ. ಆಕೆಯ 34 ವರ್ಷಗಳ ಆಳ್ವಿಕೆ ಮೊದಲಾಗುವುದೇ ಅಲ್ಲಿಂದ. 1767ರ ತನ್ನ ‘ನಕಾಜ್’ನಲ್ಲಿ ಚಿತ್ರಹಿಂಸೆಯನ್ನು ಖಂಡಿಸಿದ ರಾಣಿಯೇ ಜೀತದ ರೈತರನ್ನು ಬಿಡುಗಡೆ ಮಾಡಲಿಲ್ಲ. ಇಷ್ಟು ಓದಿದವಳು ಹೀಗೇಕೆ ಆಳಿದಳು? ಈ ಪ್ರಶ್ನೆ ಆ ಎಲ್ಲ ಪ್ರತಿಮೆಗಳಿಗಿಂತ ಭಯಂಕರವಾದುದು. ಓದು ಬಲ್ಲ ನಮ್ಮೆಲ್ಲರನ್ನೂ ಅದು ಇರಿಯುತ್ತದೆ. ರಾಣಿಯ ಮನಸ್ಸನ್ನು ಮರೆತ ಚಿತ್ರಕ್ಕೆ ಅದನ್ನು ಕೇಳುವ ಅವಕಾಶವೇ ಉಳಿಯಲಿಲ್ಲ.