ತಟ್ಟೆ ತಿರುಗಿದ ವೇಗ, ಕೆಟ್ಟುಹೋದ ಶ್ರುತಿ

ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಎಂಪಿ3 ಮಾಡಿ ಹಂಚುವ ಗೆಳೆಯರ ಬಗ್ಗೆ ನನಗೆ ಬಹಳ ಗೌರವ. ಆದರೂ ಒಂದು ಸಣ್ಣ ತಕರಾರಿದೆ. ರಾಗ, ತಾಳ, ಹಾಡಿದವರ ಹೆಸರು ಎಲ್ಲಾ ಬರೆಯುತ್ತಾರೆ. ತಟ್ಟೆಯನ್ನು ಎಷ್ಟು ವೇಗದಲ್ಲಿ ತಿರುಗಿಸಿದರು ಅಂತ ಮಾತ್ರ ಬಹಳಷ್ಟು ಜನ ಬರೆಯುವುದೇ ಇಲ್ಲ!

ಇದೇನು ಮಹಾ ಅನ್ನಬೇಡಿ. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಸಾಕು, ಶ್ರುತಿ ಒಂದು ಮನೆ ಮೇಲೇರುತ್ತದೆ. ಕರಿ ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತೆ ಕೇಳಿಸುತ್ತಾರೆ. ಜೊತೆಗೆ ಲಯವೂ ಓಡುತ್ತದೆ, ದನಿಯೂ ತೆಳ್ಳಗಾಗುತ್ತದೆ. ಹೆಸರಿಗೆ '78' ಆದರೂ ಹಳೆಯ ತಟ್ಟೆಗಳೆಲ್ಲ ಕರಾರುವಾಕ್ಕಾಗಿ ಅದೇ ವೇಗದಲ್ಲಿ ಮುದ್ರಣವಾದವಲ್ಲ.

ನಮ್ಮ ಯರಗೇರಾದಲ್ಲಿ ಟೇಪ್ ರೆಕಾರ್ಡರ್ ಕಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರೆಂಟ್ ಹೋದಾಗ ಸೆಲ್ ಹಾಕಿ ಕೇಳುತ್ತಿದ್ದೆವು. ಸೆಲ್ ಇಳಿದಂತೆಲ್ಲ ಎಂಥ ಹುರುಪಿನ ತರಾನಾ ಕೂಡ ಅಳುಮೋರೆ ಹಾಕುತ್ತಿತ್ತು :)  ರಾಗ ಅದೇ, ಭಾವ ಬೇರೆ.

ಗಂಗೂಬಾಯಿ ಹಾನಗಲ್ (1913-2009) ಅವರನ್ನೇ ನೋಡಿ. 1930ರ ದಶಕದ ಅವರ ರೆಕಾರ್ಡುಗಳಲ್ಲಿ ಇರುವುದು ಎಳೆಯ, ಎತ್ತರದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯಾದ ಮೇಲೆ ಬಂದದ್ದು ನಾವೆಲ್ಲ ಬಲ್ಲ ಆ ಗಡಸು, ಗಂಭೀರ ಕಂಠ. ಎರಡನೆಯದನ್ನು ಮಾತ್ರ ಕೇಳಿದವರಿಗೆ ಮೊದಲನೆಯದು 'ಫಾಸ್ಟ್ ಆಗಿದೆ' ಅನ್ನಿಸಬಹುದು. ಹಾಗಂತ ಕಂಪ್ಯೂಟರಿನಲ್ಲಿ ವೇಗ ಇಳಿಸಿಬಿಟ್ಟರೆ? ಒಂದು ಕಂಠ ಬದಲಾದ ಕಥೆಯನ್ನೇ ಅಳಿಸಿದ ಹಾಗೆ. ಅಂದಾಜಿನ ರಿಪೇರಿಗಿಂತ ರಿಪೇರಿ ಮಾಡದಿರುವುದೇ ವಾಸಿ.

ಇನ್ನೊಂದು ಮಾತು. "ಆಗಿನವರು ಎಷ್ಟು ಚುರುಕಾಗಿ ಹಾಡುತ್ತಿದ್ದರು" ಅಂತ ಹಳೆಯ ರೆಕಾರ್ಡು ಕೇಳಿ ತೀರ್ಪು ಕೊಡುವವರಿದ್ದಾರೆ. ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಮೂರು-ಮೂರೂವರೆ ನಿಮಿಷ. ಬೈಠಕ್ಕಿನಲ್ಲಿ ಗಂಟೆಗಟ್ಟಲೆ ವಿಲಂಬಿತದಲ್ಲಿ ಬಿಡಿಸುವ ರಾಗವನ್ನು ಅಷ್ಟರಲ್ಲಿ ತುರುಕಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಮುದ್ರಿಸಿದ, ಕೊನೆಗೆ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್ ಕೂಡ ಈ ಕಟ್ಟಿಗೆ ಒಗ್ಗಿಕೊಂಡೇ ಹಾಡಿದ್ದು. ಆ ಓಟದಲ್ಲಿ ಯಂತ್ರದ ಅವಸರವೂ ಸೇರಿದೆ. ಹಾಗಂತ ಮೂರು ನಿಮಿಷವನ್ನು ಹಗುರವಾಗಿ ಕಾಣಬೇಕಿಲ್ಲ. ಅಬ್ದುಲ್ ಕರೀಂ ಖಾನರ ಅಷ್ಟುದ್ದದ ರೆಕಾರ್ಡು ಕೇಳಿಯೇ ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟದ್ದು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಇದ್ದದ್ದು ಇದ್ದ ಹಾಗೇ ಒಂದು ಪ್ರತಿ ತೆಗೆದಿಡಿ. ತಿರುಗಿಸಿದ ವೇಗ ಬರೆಯಿರಿ. ತಿದ್ದಿದರೆ ಎಷ್ಟು ತಿದ್ದಿದಿರಿ, ಯಾಕೆ ತಿದ್ದಿದಿರಿ ಅಂತಲೂ ಬರೆಯಿರಿ. ಹಿಂದೆ ಹಾರ್ಮೋನಿಯಂ ಇದ್ದು, 'ಸಾ' ಎರಡು ಮನೆಗಳ ನಡುವೆ ಬಿದ್ದರೆ ವೇಗದ ಮೇಲೆ ಅನುಮಾನ ಪಡಬಹುದು. ಆದರೆ ಅದು ಸುಳಿವು ಅಷ್ಟೇ, ಸಾಕ್ಷಿಯಲ್ಲ.

ರಾಯಚೂರಿನ ರಂಗಮಂದಿರಕ್ಕೆ ಪಂಡಿತ ಸಿದ್ದರಾಮ ಜಂಬಲದಿನ್ನಿಯವರ ಹೆಸರಿಟ್ಟಿದ್ದೇವೆ, ಸರಿ. ಹೆಸರು ಗೋಡೆಯ ಮೇಲೆ ಉಳಿಯುತ್ತದೆ. ದನಿ ಉಳಿಯಬೇಕಾದ್ದು ಟೇಪಿನಲ್ಲಿ, ಅದೂ ಸರಿಯಾದ ಶ್ರುತಿಯಲ್ಲಿ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳಿದ್ದರೆ, ಬೂಸ್ಟು ಹಿಡಿಯುವ ಮೊದಲು ಇಳಿಸಿ ನೋಡ್ತೀರಲ್ಲ?