ವಿಮರ್ಶೆಯೋ, ಶಾಲು ಹೊದಿಸುವಿಕೆಯೋ?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಇತಿಹಾಸ ಕುರಿತ ಕೃತಿಗಳಿಗೆ ಇಂದು ವಿಮರ್ಶೆಯೆಂಬ ಹೆಸರಿನಲ್ಲಿ ದೊರೆಯುತ್ತಿರುವುದು ಬಹುಮಟ್ಟಿಗೆ ಬಿಡುಗಡೆ ಸಮಾರಂಭದ ಭಾಷಣದ ಮುದ್ರಿತ ರೂಪ. ಲೇಖಕರ ಶ್ರಮಕ್ಕೆ ಶ್ಲಾಘನೆ, ಮುಖಪುಟಕ್ಕೆ ಮೆಚ್ಚುಗೆ, ಕೊನೆಗೊಂದು ಹಾರೈಕೆ. ಶಾಸನಪಾಠ ಸರಿಯಿದೆಯೇ ಎಂದು ಕೇಳಿದವನು ಅಸೂಯಾಪರ!

ಮದ್ದೂರು ತಾಲ್ಲೂಕಿನ ಆತಕೂರು ಶಾಸನವನ್ನೇ ನೋಡಬಹುದು. ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ಸ್ಮಾರಕವೆಂದು ಪ್ರಸಿದ್ಧವಾದ ಈ ಕಲ್ಲು (ಕ್ರಿ.ಶ. 949-50), ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನೂ ಹೇಳುತ್ತದೆ. ಫ್ಲೀಟರ ಮೊದಲ ಅರ್ಥದಂತೆ ಆ ಕೊಲೆ ವಂಚನೆಯಿಂದ ನಡೆದುದು. ಪದಗಳನ್ನು ಮತ್ತೆ ಪರಿಶೀಲಿಸಿದಾಗ, ಆನೆಯ ಮೇಲಿನ ಅಂಬಾರಿಯೇ ರಣರಂಗವಾಯಿತೆಂಬ ಅರ್ಥ ಹೊರಟಿತು. ಫ್ಲೀಟರೇ ಹಿಂದಿನದನ್ನು ಕೈಬಿಟ್ಟರು. ಒಂದೆರಡು ಪದಗಳ ಪರಿಷ್ಕಾರದಿಂದ ಬೂತುಗನ ಮೇಲಿನ ಕಳಂಕ ಕಳೆಯಿತು. ಫ್ಲೀಟರ ಕೀರ್ತಿಗೆ ಅದರಿಂದ ಕುಂದೇನೂ ಬರಲಿಲ್ಲ.

ದೋಷ ಎತ್ತಿ ಆಡುವುದು ನಮ್ಮ ಸಂಪ್ರದಾಯವಲ್ಲವೆನ್ನುವವರು ಕವಿರಾಜಮಾರ್ಗವನ್ನು ತೆರೆದಂತಿಲ್ಲ. ಉಪಲಬ್ಧ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಅದರ ಪ್ರಥಮ ಪರಿಚ್ಛೇದವೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲು.

ಹೊಗಳಿಕೆಯ ನೆರಳಿನಲ್ಲಿ ಉಳಿದ ತಪ್ಪು ಪಾಠ ನಾಳೆ ಸಂಶೋಧನ ಪ್ರಬಂಧದ ಆಧಾರವಾಗುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಉತ್ತರಿಸಬೇಕಾದವನು ವಿದ್ಯಾರ್ಥಿ, ವಿಮರ್ಶಕನಲ್ಲ. ಆದುದರಿಂದ ಮುನ್ನುಡಿ ಬರೆದವರು ಅದೇ ಕೃತಿಯನ್ನು ವಿಮರ್ಶಿಸಬಾರದು. ಉಳಿದವರು ಬರೆಯುವ ಮುನ್ನ ಈ ಮೂರೂ ತಾಲ್ಲೂಕುಗಳ ಶಾಸನಗಳಿರುವ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಏಳನೆಯ ಸಂಪುಟವನ್ನು ಪಕ್ಕದಲ್ಲಿಟ್ಟುಕೊಂಡು, ಉದ್ಧೃತವಾದ ಹತ್ತು ಪಾಠಗಳನ್ನಾದರೂ ಹೋಲಿಸಿ ನೋಡಲಿ.