ಯಾವ ಬೀಜ ಉಳಿಸಬೇಕು, ಯಾವುದು ಬೇಡ?

ಬಿತ್ತನೆ ಬೀಜ ಪ್ರತಿ ವರ್ಷ ಹೊಸದೇ ಕೊಳ್ಳಬೇಕು ಅನ್ನೋ ಮಾತು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕೇಳಿಬರುತ್ತದೆ. ಹೈಬ್ರಿಡ್ ಟೊಮೇಟೊಗೆ ಇದು ಸರಿ. ರಾಗಿಗೂ ಹಾಗೇ ಅಂತ ಒಪ್ಪಿಕೊಂಡರೆ ನಷ್ಟ ನಮಗೇ. ವ್ಯತ್ಯಾಸ ಇರುವುದು ವರ್ಣತಂತುಗಳಲ್ಲಿ, ಅಂದರೆ ಕ್ರೋಮೋಸೋಮುಗಳಲ್ಲಿ. ಇದು ವಿಜ್ಞಾನಿಗಳಿಗೆ ಬಿಟ್ಟ ವಿಷಯವಲ್ಲ, ನಮ್ಮ ಜೇಬಿನ ವಿಷಯ.

ಗಿಡದ ಜೀವಕೋಶಗಳಲ್ಲಿ ಗುಣಗಳನ್ನು ಹೊತ್ತ ಎಳೆಗಳಿವೆ: ಮಾವಿಗೆ 40, ರಾಗಿಗೆ 36, ಟೊಮೇಟೊಗೆ 24. ಗಿಡ ಬೆಳೆಯುವಾಗ ಕೋಶ ಎರಡಾಗುತ್ತದೆ. ಅದಕ್ಕೆ ಮೊದಲೇ ಪ್ರತಿ ಎಳೆಗೂ ಒಂದು ನಕಲು ತಯಾರು. ಆಮೇಲೆ ರೇಷ್ಮೆ ನೂಲನ್ನು ಲಡಿ ಮಾಡಿದ ಹಾಗೆ ಎಳೆಗಳು ಬಿಗಿಯಾಗಿ ಸುತ್ತಿಕೊಳ್ಳುತ್ತವೆ, ಎಳೆದಾಗ ಸಿಕ್ಕಾಗಬಾರದಲ್ಲ! ಒಂದೊಂದು ಪ್ರತಿ ಒಂದೊಂದು ಕಡೆಗೆ ಹೋಗಿ, ಎರಡೂ ಕೋಶಕ್ಕೆ ಪೂರ್ತಿ ಲೆಕ್ಕ ಸಿಗುತ್ತದೆ. ಶ್ರೀನಿವಾಸಪುರದ ಬಾದಾಮಿ ಕಸಿ ಗಿಡ ತಾಯಿಮರದ ಹಣ್ಣನ್ನೇ ಕೊಡುವುದು ಇದರಿಂದ.

ಹೂವಿನಲ್ಲಿ ಪರಾಗ, ಅಂಡ ಆಗುವಾಗ ಕ್ರಮವೇ ಬೇರೆ. ಜೋಡಿ ಎಳೆಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡು ಅರ್ಧಕ್ಕಿಳಿಯುತ್ತವೆ. ಟೊಮೇಟೊದಲ್ಲಿ 24 ಇದ್ದದ್ದು 12. ಹೈಬ್ರಿಡ್ಡಿನ ಜೋಡಿಯಲ್ಲಿ ಒಂದು ಎಳೆ ತಾಯಿ ತಳಿಯದು, ಇನ್ನೊಂದು ತಂದೆ ತಳಿಯದು. ಇಸ್ಪೀಟು ಕಲೆಸಿದ ಹಾಗೆ ಗುಣಗಳು ಬೆರೆತು, ಮುಂದಿನ ಪೈರಿನಲ್ಲಿ ಗಿಡಕ್ಕೊಂದು ಥರ ಹಣ್ಣು.

ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ತಲೆಮಾರು ಕಳೆದಂತೆ ಜೋಡಿ ಎಳೆಗಳು ಒಂದೇ ಥರ ಆಗಿಬಿಟ್ಟಿವೆ. ಎಲ್ಲ ಎಲೆಯೂ ಒಂದೇ ಆದರೆ ಎಷ್ಟು ಕಲೆಸಿದರೇನು? ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ' ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಕೆ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಕೂಡಿಕೆಯಿಂದ ಬಂದರೂ ಆರಿಸಿ ಆರಿಸಿ ಗುಣ ನಿಲ್ಲಿಸಿದ ತಳಿಗಳವು, ಹೈಬ್ರಿಡ್ ಅಲ್ಲ. ಬೀಜ ಉಳಿಸಬಹುದು. ಜಿಪಿಯು-28 ಕೂಡ ಹಾಗೇ.

ಟೊಮೇಟೊದಲ್ಲೂ ಎಲ್ಲ ಒಂದೇ ಅಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯದೇ ಎರಡು ನೋಡಿ: ಅರ್ಕಾ ವಿಕಾಸ್ ಶುದ್ಧ ತಳಿ, ಬೀಜ ಉಳಿಸಬಹುದು. ಅರ್ಕಾ ರಕ್ಷಕ್ ಹೈಬ್ರಿಡ್, ಉಳಿಸಿದರೆ ಗುಣ ಚೆದುರುತ್ತದೆ. ಅಂದರೆ ಇದು ಕಂಪೆನಿಯೋ ಸರ್ಕಾರವೋ ಅನ್ನೋ ಪ್ರಶ್ನೆಯಲ್ಲ.

ಬೀಜ ಉಳಿಸುವುದು, ಹಂಚುವುದು, ಮಾರುವುದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ನಮ್ಮ ಹಕ್ಕು. ಸಂರಕ್ಷಿತ ತಳಿಯನ್ನು ಬ್ರಾಂಡ್ ಹೆಸರಲ್ಲಿ ಮಾರುವಂತಿಲ್ಲ, ಅಷ್ಟೆ. ಹಾಗಾಗಿ ಕೊಯ್ಲಿಗೆ ಮುಂಚೆಯೇ ಹೊಲದಲ್ಲಿ ಬೆರಕೆ ಗಿಡ ಕಿತ್ತು, ರೋಗವಿಲ್ಲದ ಒಳ್ಳೆ ತೆನೆ ಆರಿಸಿ, ಬೇರೆಯಾಗಿ ಬಡಿದು ಒಣಗಿಸಿಡಿ. ಬೆರಕೆ ಹೆಚ್ಚಾದಾಗ ಮಾತ್ರ ಹೊಸ ಬೀಜ ತನ್ನಿ.

ಬೀಜ ಮಾರುವವರಿಂದಲೂ ಒಂದು ಕೇಳೋಣ: ಪೊಟ್ಟಣದ ಮೇಲೆ 'ಹೈಬ್ರಿಡ್, ಬೀಜ ಉಳಿಸಬೇಡಿ' ಅಥವಾ 'ತಳಿ, ಉಳಿಸಬಹುದು' ಅಂತ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚಾಗಲಿ.